ಸಂವಿಧಾನದ ತಿದ್ದುಪಡಿಗಳನ್ನು ನಾಣ್ಯಗಳಲ್ಲಿ ಜೋಡಿಸುವುದು: ಅಮೆರಿಕದ ಸ್ಮಾರಕ ನಾಣ್ಯಗಳ ಸಂಗ್ರಹಕ್ಕೊಂದು ಮಾರ್ಗದರ್ಶಿ

ಅಮೆರಿಕದಲ್ಲಿ ಸ್ಮಾರಕ ನಾಣ್ಯವೊಂದು ಬರಬೇಕಾದರೆ ಮೊದಲು ಕಾಂಗ್ರೆಸ್ಸಿನಲ್ಲಿ (ಅಲ್ಲಿನ ಸಂಸತ್ತು) ಅದಕ್ಕೆಂದೇ ಮಸೂದೆ ಪಾಸಾಗಬೇಕು. ಯಾವ ಲೋಹ, ಎಷ್ಟು ತೂಕ, ಎಷ್ಟು ಅಗಲ, ಹೆಚ್ಚೆಂದರೆ ಎಷ್ಟು ನಾಣ್ಯ ಹೊಡೆಯಬಹುದು, ಪ್ರತಿ ನಾಣ್ಯದ ಮೇಲೆ ವಸೂಲಾಗುವ ಹೆಚ್ಚುವರಿ ಹಣ ಯಾವ ಸಂಸ್ಥೆಗೆ ಹೋಗಬೇಕು ಎಂಬುದೆಲ್ಲ ಆ ಕಾನೂನಿನಲ್ಲೇ ಇರುತ್ತದೆ. ಆದ್ದರಿಂದ ಈ ನಾಣ್ಯಗಳನ್ನು ಕೂಡಿಸುವವರು ಬೆಲೆಪಟ್ಟಿಗೂ ಮೊದಲು ಕಾನೂನಿನ ಪಠ್ಯ ಓದಬೇಕು. ಅದು ಅಂತರಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ, ಎರಡು ಮೂರು ಪುಟ ಮೀರುವುದು ಅಪರೂಪ. ಅಸಲಿ ನಾಣ್ಯ ಹೇಗಿರಬೇಕು ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಆಧಾರ ಬೇರೆ ಇಲ್ಲ.

ಹೆಚ್ಚಿನವರು ಈ ನಾಣ್ಯಗಳನ್ನು ಹೊರಬಂದ ವರ್ಷದ ಕ್ರಮದಲ್ಲಿ ಇಡುತ್ತಾರೆ. ಇಲ್ಲಿ ಹೇಳುವುದು ಬೇರೆ ದಾರಿ: ಯಾವ ತಿದ್ದುಪಡಿಗೆ ಯಾವ ನಾಣ್ಯ ಎಂಬ ಕ್ರಮ. ಹಾಗೆ ಜೋಡಿಸಿದಾಗ ಒಂದು ತಿದ್ದುಪಡಿ ಕೊಟ್ಟದ್ದೇನು, ಅದು ಕೊಡದೆ ಉಳಿಸಿದ್ದೇನು, ಉಳಿದದ್ದಕ್ಕಾಗಿ ಮುಂದೆ ಯಾರು ಹೋರಾಡಿದರು ಎಂಬುದು ಪೆಟ್ಟಿಗೆ ತೆರೆದ ಕೂಡಲೇ ಕಾಣುತ್ತದೆ.

ಮೊದಲ ಹೆಜ್ಜೆ: ಪಟ್ಟಿ ಬರೆಯಿರಿ

ಒಂದು ಹಾಳೆಯ ಎಡಗಡೆ ತಿದ್ದುಪಡಿಗಳನ್ನು ಬರೆದುಕೊಳ್ಳಿ. 1791ರ ಡಿಸೆಂಬರ್ 15ರಂದು ಅನುಮೋದನೆಗೊಂಡ ಮೊದಲ ಹತ್ತು, ಅಂದರೆ ಹಕ್ಕುಗಳ ಮಸೂದೆ. ಗುಲಾಮಗಿರಿ ನಿಷೇಧಿಸಿದ 13ನೆಯದು (1865). ಪೌರತ್ವ ಮತ್ತು ಸಮಾನ ರಕ್ಷಣೆಯ 14ನೆಯದು (1868). ಜನಾಂಗದ ಕಾರಣಕ್ಕೆ ಮತದಾನ ತಡೆಯಬಾರದೆಂದ 15ನೆಯದು (1870). ಮಹಿಳೆಯರ ಮತದಾನದ 19ನೆಯದು (1920). ಫೆಡರಲ್ ಚುನಾವಣೆಗಳಲ್ಲಿ ಮತ ಹಾಕಲು ತೆರಿಗೆ ಕಟ್ಟಬೇಕೆಂಬ ಪದ್ಧತಿಯನ್ನು ತೆಗೆದ 24ನೆಯದು (1964). ಆರಂಭಕ್ಕೆ ಇಷ್ಟು ಸಾಕು.

ಈಗ ಬಲಗಡೆ ನಾಣ್ಯಗಳು. ಪೀಠಿಕೆಯಾಗಿ 1987ರ ಬೆಳ್ಳಿ ಡಾಲರ್ ಇಡಿ. ಸಂವಿಧಾನಕ್ಕೆ 200 ವರ್ಷ ತುಂಬಿದಾಗ ಬಂದದ್ದು. ಒಂದು ಮುಖದಲ್ಲಿ ಗರಿಲೇಖನಿ ಮತ್ತು ಸಂವಿಧಾನದ ಮೊದಲ ಮೂರು ಪದಗಳು, ಇನ್ನೊಂದರಲ್ಲಿ ನಾನಾ ಕಾಲದ ಜನರ ಗುಂಪು. ಇದರ ಪ್ರೂಫ್ (ಕನ್ನಡಿ ಹೊಳಪಿನ) ನಾಣ್ಯವೇ 27 ಲಕ್ಷಕ್ಕೂ ಹೆಚ್ಚು ಮಾರಾಟವಾದ್ದರಿಂದ ಬೆಲೆ ಬೆಳ್ಳಿಯ ದರಕ್ಕಿಂತ ಬಹಳ ಮೇಲೆ ಹೋಗುವುದಿಲ್ಲ. ಹೆಚ್ಚು ಬೆಲೆ ಕೇಳಿದರೆ ಮುಂದಿನ ಅಂಗಡಿಗೆ ಹೋಗಿ.

ಮೊದಲ ಹತ್ತು ತಿದ್ದುಪಡಿಗಳಿಗೆ 1993ರ ಸರಣಿಯಿದೆ. ಅರ್ಧ ಡಾಲರ್, ಡಾಲರ್, 5 ಡಾಲರಿನ ಚಿನ್ನದ ನಾಣ್ಯ ಎಂದು ಮೂರು. ಮೂರರಲ್ಲೂ ಆ ತಿದ್ದುಪಡಿಗಳ ಕರಡು ಬರೆದ ಜೇಮ್ಸ್ ಮ್ಯಾಡಿಸನ್ ಇದ್ದಾರೆ. ಡಾಲರಿನ ಹಿಂಭಾಗದಲ್ಲಿ ವರ್ಜೀನಿಯಾದ ಅವರ ಮನೆ ಮಾಂಟ್‌ಪೆಲಿಯರ್. ಇಲ್ಲಿ ಗಮನಿಸಬೇಕಾದದ್ದು ಅರ್ಧ ಡಾಲರ್. ಆಧುನಿಕ ಸ್ಮಾರಕ ಅರ್ಧ ಡಾಲರುಗಳು ಸಾಮಾನ್ಯವಾಗಿ ತಾಮ್ರ-ನಿಕ್ಕಲ್‌ನವು, ಆದರೆ ಇದು 90 ಭಾಗ ಬೆಳ್ಳಿಯದು, 12.5 ಗ್ರಾಂ. ಇದು ಗೊತ್ತಿಲ್ಲದ ಮಾರಾಟಗಾರರು ಇದನ್ನು ಉಳಿದ ಅರ್ಧ ಡಾಲರುಗಳ ಜೊತೆ ಒಂದೇ ಡಬ್ಬಿಯಲ್ಲಿ ಹಾಕಿರುತ್ತಾರೆ. ಡಾಲರಿನಲ್ಲಿ ಡೆನ್ವರ್ ಟಂಕಸಾಲೆಯ ‘ಡಿ’ ಗುರುತಿನ, ಚಲಾವಣೆಗೆ ಬಿಡದ ಮೃದು ಹೊಳಪಿನ ಅನ್‌ಸರ್ಕ್ಯುಲೇಟೆಡ್ ನಾಣ್ಯ ಸುಮಾರು 98 ಸಾವಿರ. ಸ್ಯಾನ್ ಫ್ರಾನ್ಸಿಸ್ಕೋದ ‘ಎಸ್’ ಗುರುತಿನ ಪ್ರೂಫ್ ಸುಮಾರು 5 ಲಕ್ಷ 34 ಸಾವಿರ. ಎರಡರ ಬೆಲೆ ಹತ್ತಿರವೇ ಇದ್ದರೆ ‘ಡಿ’ ತೆಗೆದುಕೊಳ್ಳಿ.

13ನೇ ತಿದ್ದುಪಡಿಯ ಜಾಗಕ್ಕೆ ನೇರ ಹೆಸರಿನ ನಾಣ್ಯ ಹುಡುಕುತ್ತ ಕೂರಬೇಡಿ, ವ್ಯಕ್ತಿಗಳ ಕಡೆಯಿಂದ ಬನ್ನಿ. 2009ರ ಲಿಂಕನ್ ಬೆಳ್ಳಿ ಡಾಲರಿನ ಹಿಂಭಾಗದಲ್ಲಿ ಗೆಟಿಸ್‌ಬರ್ಗ್ ಭಾಷಣದ ಕೊನೆಯ 43 ಪದಗಳಿವೆ. 2024ರ ಹ್ಯಾರಿಯೆಟ್ ಟಬ್‌ಮನ್ ಬೆಳ್ಳಿ ಡಾಲರಿನಲ್ಲಿ ಗುಲಾಮರನ್ನು ಬಿಡುಗಡೆಯ ಹಾದಿಗೆ ಕರೆದೊಯ್ಯುತ್ತಿದ್ದ ಆ ತಾಯಿ ನೋಡುಗರ ಕಡೆ ಕೈ ಚಾಚಿದ್ದಾರೆ. ಒಂದನ್ನೇ ಕೊಳ್ಳುವ ಶಕ್ತಿಯಿದ್ದರೆ ಟಬ್‌ಮನ್ ನಾಣ್ಯವನ್ನೇ ಕೊಳ್ಳಿ. ತಿದ್ದುಪಡಿ ಬರುವ ಮೊದಲೇ ಜನರನ್ನು ಬಿಡಿಸಿದವರಿಗೆ ಆ ಜಾಗ ಸಲ್ಲಬೇಕು.

14ನೆಯದಕ್ಕೆ 2007ರ ಲಿಟಲ್ ರಾಕ್ ಬೆಳ್ಳಿ ಡಾಲರ್. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಶಾಲೆ ಇರುವುದು 14ನೇ ತಿದ್ದುಪಡಿಗೆ ವಿರುದ್ಧವೆಂದು 1954ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 1957ರಲ್ಲಿ ಆರ್ಕನ್ಸಾದ ಲಿಟಲ್ ರಾಕ್ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಕರಿಯ ವಿದ್ಯಾರ್ಥಿಗಳು ಕಾಲಿಡಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯಿತು. ನಾಣ್ಯದ ಮೇಲೆ ಮುಖಗಳೇ ಇಲ್ಲ: ಶಾಲೆಗೆ ನಡೆದುಹೋಗುವ ಮಕ್ಕಳ ಕಾಲುಗಳು, ಪಕ್ಕದಲ್ಲಿ ಬಂದೂಕು ಹಿಡಿದ ಸೈನಿಕ, ಒಂಬತ್ತು ನಕ್ಷತ್ರ. ಇಡೀ ಸಂಗ್ರಹದಲ್ಲಿ ವಿನ್ಯಾಸದ ಬಲ ಹೆಚ್ಚಿರುವುದು ಇದರಲ್ಲೇ.

19ನೇ ತಿದ್ದುಪಡಿ: ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ

ಪಟ್ಟಿಯಲ್ಲಿ ಅತಿ ಹೆಚ್ಚು ನಾಣ್ಯ ಸಿಗುವುದು ಈ ಸಾಲಿಗೆ. ನಡುವೆ ಇಡಬೇಕಾದದ್ದು 2020ರ ಮಹಿಳಾ ಮತದಾನ ಶತಮಾನೋತ್ಸವದ ಬೆಳ್ಳಿ ಡಾಲರ್. ಇದರ ಕಾನೂನಿಗೆ 2019ರ ನವೆಂಬರ್ 25ರಂದು ಸಹಿ ಬಿತ್ತು. ಟೆನೆಸ್ಸೀ ರಾಜ್ಯದ ಅನುಮೋದನೆಯೊಂದಿಗೆ ತಿದ್ದುಪಡಿಗೆ ಬೇಕಾದ ಸಂಖ್ಯೆ ಪೂರ್ತಿಯಾದದ್ದು 1920ರ ಆಗಸ್ಟ್ 18. ನಾಣ್ಯ ಮಾರಾಟ ಶುರುವಾದದ್ದು 2020ರ ಆಗಸ್ಟ್ 18. ಮುಂಭಾಗದಲ್ಲಿ ಒಂದರ ಮೇಲೊಂದು ಸರಿದಂತೆ ಮೂವರು ಮಹಿಳೆಯರ ಪಾರ್ಶ್ವಮುಖ. ಒಬ್ಬೊಬ್ಬರ ಟೋಪಿ ಒಂದೊಂದು ಕಾಲದ್ದು, ಏಕೆಂದರೆ ಹೋರಾಟ ಹಲವು ದಶಕ ನಡೆಯಿತು. ಹಿಂಭಾಗದಲ್ಲಿ 2020 ಎಂಬ ಇಸವಿಯೇ ಮತಪೆಟ್ಟಿಗೆಯೊಳಗೆ ಇಳಿಯುತ್ತಿದೆ. ವಿನ್ಯಾಸ ಕ್ರಿಸ್ಟಿನಾ ಹೆಸ್ ಅವರದು, ಶಿಲ್ಪ ಫೀಬಿ ಹೆಂಪ್‌ಹಿಲ್ ಅವರದು. ಗರಿಷ್ಠ ಮಿತಿ 4 ಲಕ್ಷ. ಪ್ರತಿ ನಾಣ್ಯದ ಮೇಲೆ 10 ಡಾಲರ್ ಹೆಚ್ಚುವರಿ ವಸೂಲಿ, ಅದು ಸ್ಮಿತ್‌ಸೋನಿಯನ್ ಸಂಸ್ಥೆಯ ಮಹಿಳಾ ಇತಿಹಾಸ ಯೋಜನೆಗೆ.

ಇದೇ ಡಾಲರ್ ಒಂದು ಬೆಳ್ಳಿ ಪದಕದ ಜೊತೆ ಜೋಡಿಯಾಗಿಯೂ ಮಾರಾಟವಾಯಿತು. ಪದಕಕ್ಕೆ ಮುಖಬೆಲೆ ಇರುವುದಿಲ್ಲ, ಅದು ನಾಣ್ಯವಲ್ಲ. ಜೋಡಿಯನ್ನು ಒಡೆದು ಪದಕವನ್ನೇ ‘ಶತಮಾನೋತ್ಸವದ ನಾಣ್ಯ’ ಎಂದು ಮಾರುವವರಿದ್ದಾರೆ. ‘ಒಂದು ಡಾಲರ್’ ಎಂಬ ಮುಖಬೆಲೆ ಬರೆದಿದೆಯೇ ನೋಡಿ.

ಅದರ ಎಡಕ್ಕೆ ಸೂಸನ್ ಬಿ. ಆಂಟನಿ ಡಾಲರ್ ಇಡಿ. 1872ರಲ್ಲಿ 14ನೇ ತಿದ್ದುಪಡಿ ತನಗೂ ಅನ್ವಯಿಸುತ್ತದೆಂದು ಮತ ಹಾಕಿ ಬಂಧನಕ್ಕೊಳಗಾದ ಆಕೆ, ಕೋರ್ಟು ಹಾಕಿದ 100 ಡಾಲರ್ ದಂಡವನ್ನು ಕಟ್ಟಲೇ ಇಲ್ಲ. ಹಾಗಾಗಿ ಈ ನಾಣ್ಯ 14 ಮತ್ತು 19ರ ನಡುವಿನ ಕೊಂಡಿ. 1979ರಿಂದ 1981ರವರೆಗೆ, ಮತ್ತೆ 1999ರಲ್ಲಿ ಬಂತು, 26.5 ಮಿ.ಮೀ. ಅಗಲ, 8.1 ಗ್ರಾಂ. 24.3 ಮಿ.ಮೀ. ಅಗಲದ ಕ್ವಾರ್ಟರ್ (ಕಾಲು ಡಾಲರ್) ನಾಣ್ಯವನ್ನು ಬಣ್ಣದಲ್ಲೂ ಗಾತ್ರದಲ್ಲೂ ಹೋಲುತ್ತಿದ್ದದ್ದರಿಂದ ಜನ ಗೊಂದಲಗೊಂಡು ಬಳಸದೆ ಬಿಟ್ಟರು. ಆದ್ದರಿಂದ ಹೊಸದರಂತೆ ಹೊಳೆಯುವ ನಾಣ್ಯಗಳು ಇಂದಿಗೂ ಮುಖಬೆಲೆಯ ಆಸುಪಾಸಿನಲ್ಲಿ ಸಿಗುತ್ತವೆ. 1979ರ ಫಿಲಡೆಲ್ಫಿಯಾ ನಾಣ್ಯಗಳನ್ನು ಮಾತ್ರ ಭೂತಗನ್ನಡಿಯಲ್ಲಿ ನೋಡಿ: ಅಂಚಿನ ಪಟ್ಟಿ ದಪ್ಪವಾಗಿದ್ದು ಇಸವಿ ಅದಕ್ಕೆ ತೀರ ಹತ್ತಿರವಿದ್ದರೆ ಅದು ವಿರಳವಾದ ಬಗೆ, ಬೆಲೆ ಹಲವು ಪಟ್ಟು.

ಬಲಕ್ಕೆ 2022ರ ನೀನಾ ಒಟೆರೊ-ವಾರನ್ ಕ್ವಾರ್ಟರ್. ನ್ಯೂ ಮೆಕ್ಸಿಕೋದ ಈ ನಾಯಕಿಯ ಪಕ್ಕದಲ್ಲಿ ಮೂರು ಯಕ್ಕಾ ಹೂಗಳು ಮತ್ತು ಮಹಿಳೆಗೆ ಮತ ಕೇಳುವ ಸ್ಪ್ಯಾನಿಷ್ ಘೋಷಣೆ ಇದೆ. ಅದರ ಪಕ್ಕ 2025ರ ಐಡಾ ಬಿ. ವೆಲ್ಸ್ ಕ್ವಾರ್ಟರ್. 1913ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಕರಿಯ ಮಹಿಳೆಯರು ಹಿಂದೆ ನಡೆಯಬೇಕೆಂದಾಗ ಒಪ್ಪದೆ ಇಲಿನಾಯ್ ತಂಡದ ಜೊತೆಗೇ ನಡೆದವರು ಅವರು.

ನಂತರ 2024ರ ನೇಟಿವ್ ಅಮೆರಿಕನ್ ಡಾಲರ್. 1920ರಲ್ಲಿ ಮತದ ಹಕ್ಕು ಬಂದಾಗ ಮೂಲನಿವಾಸಿ ಮಹಿಳೆಯರಲ್ಲಿ ಅನೇಕರು ಅಮೆರಿಕದ ಪೌರರೆಂದೇ ಪರಿಗಣಿತರಾಗಿರಲಿಲ್ಲ; ಪೌರತ್ವದ ಕಾನೂನು ಬಂದದ್ದು 1924ರಲ್ಲಿ. ಆ ಕಾನೂನಿನ ನೂರನೇ ವರ್ಷದ ನಾಣ್ಯವಿದು. ಇದರ ಇಸವಿ ಮತ್ತು ಟಂಕಸಾಲೆಯ ಗುರುತು ಮುಖದ ಮೇಲಿಲ್ಲ, ಅಂಚಿನ ಮೇಲಿದೆ. ಕ್ಯಾಪ್ಸೂಲಿಗೆ (ನಾಣ್ಯ ಇಡುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ) ಹಾಕುವ ಮೊದಲೇ ಓದಿ ಬರೆದಿಟ್ಟುಕೊಳ್ಳಿ, ಆಮೇಲೆ ಕಾಣುವುದಿಲ್ಲ.

15 ಮತ್ತು 24ಕ್ಕೆ ಒಂದೇ ನಾಣ್ಯ ಸಾಕು: 2014ರ ನಾಗರಿಕ ಹಕ್ಕುಗಳ ಕಾಯ್ದೆಯ ಬೆಳ್ಳಿ ಡಾಲರ್. ಕೈ ಕೈ ಹಿಡಿದು ನಡೆಯುವ ಮೂವರು, ಹಿಂಭಾಗದಲ್ಲಿ ಹೆಣೆದುಕೊಂಡ ಮೂರು ಜ್ವಾಲೆ. ಒಂದು ಶಿಕ್ಷಣದ ಸ್ವಾತಂತ್ರ್ಯಕ್ಕೆ, ಒಂದು ಮತದಾನಕ್ಕೆ, ಒಂದು ತನ್ನ ಬದುಕನ್ನು ತಾನೇ ನಡೆಸುವುದಕ್ಕೆ. ಅನ್‌ಸರ್ಕ್ಯುಲೇಟೆಡ್ ಮಾರಾಟವಾದದ್ದು ಬರೀ 24,720. ಈ ಪಟ್ಟಿಯ ಬೆಳ್ಳಿ ಡಾಲರುಗಳಲ್ಲಿ ಸಿಕ್ಕಾಗ ಬಿಡಬಾರದ ನಾಣ್ಯ ಇದೇ.

ಎರಡನೇ ಹೆಜ್ಜೆ: ಪ್ರೂಫೋ, ಅನ್‌ಸರ್ಕ್ಯುಲೇಟೆಡ್ಡೋ?

ಪ್ರೂಫ್ ನಾಣ್ಯವನ್ನು ಹೊಳಪು ಕೊಟ್ಟ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಬಾರಿ ಒತ್ತಿರುತ್ತಾರೆ. ಬಯಲು ಭಾಗ ಕನ್ನಡಿ, ಚಿತ್ರ ಭಾಗ ಮಂಜಿನಂತೆ ಬಿಳಿ. ನೋಡಲು ಚೆಂದ, ಆದರೆ ಬಟ್ಟೆಯಿಂದ ಒಮ್ಮೆ ಒರೆಸಿದರೂ ಕನ್ನಡಿಯ ಮೇಲೆ ಕೂದಲೆಳೆಯಂಥ ಗೀರು ಬಿದ್ದು ಬೆಲೆ ಇಳಿಯುತ್ತದೆ. ಅನ್‌ಸರ್ಕ್ಯುಲೇಟೆಡ್ ನಾಣ್ಯದ ಹೊಳಪು ಮೃದು. ಲಿಟಲ್ ರಾಕ್ ನಾಣ್ಯದಂಥ ಉಬ್ಬುಶಿಲ್ಪ ಅದರಲ್ಲೇ ಚೆನ್ನಾಗಿ ಓದಲು ಬರುತ್ತದೆ. ಇಡೀ ಸಾಲು ಒಂದೇ ಬಗೆಯದಾಗಿದ್ದರೆ ಕಣ್ಣಿಗೆ ಹಿತ. ಮನಸ್ಸು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಮೂರನೇ ಹೆಜ್ಜೆ: ಬೆಲೆಯ ಲೆಕ್ಕ

2018ರವರೆಗಿನ ಸ್ಮಾರಕ ಬೆಳ್ಳಿ ಡಾಲರುಗಳು 26.73 ಗ್ರಾಂ ತೂಕ, 38.1 ಮಿ.ಮೀ. ಅಗಲ, 90 ಭಾಗ ಬೆಳ್ಳಿ 10 ಭಾಗ ತಾಮ್ರ. ಅಂದರೆ ಅಸಲು ಬೆಳ್ಳಿ 24.06 ಗ್ರಾಂ, ಅಥವಾ 0.7734 ಟ್ರಾಯ್ ಔನ್ಸ್ (ಬೆಳ್ಳಿ, ಚಿನ್ನ ತೂಗುವ ಅಳತೆ). 2019ರಿಂದ ಟಂಕಸಾಲೆ 99.9 ಭಾಗದ ಬೆಳ್ಳಿಗೆ ಬದಲಾಯಿಸಿತು. ಹಾಗಾಗಿ 2020 ಮತ್ತು 2024ರ ಬೆಳ್ಳಿ ಡಾಲರುಗಳಲ್ಲಿ ಬೆಳ್ಳಿ ಸುಮಾರು 26.70 ಗ್ರಾಂ, 0.858 ಔನ್ಸ್. ಆ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಲೋಹದ ಬೆಲೆ ಸಿಗುತ್ತದೆ. ಔನ್ಸಿಗೆ 30 ಡಾಲರ್ ಎಂದಿಟ್ಟುಕೊಂಡರೆ ಹಳೆಯದಕ್ಕೆ 23.20, ಹೊಸದಕ್ಕೆ 25.74 ಡಾಲರ್. ಅದರ ಮೇಲೆ ಕೊಡುವುದೆಲ್ಲ ವಿರಳತೆಗೆ ಮತ್ತು ಸ್ಥಿತಿಗೆ. 1987ರ ನಾಣ್ಯಕ್ಕೆ ಆ ಹೆಚ್ಚುವರಿ ಕಡಿಮೆ ಇರಬೇಕು, 2014ರದಕ್ಕೆ ಹೆಚ್ಚಿದ್ದರೆ ನ್ಯಾಯ.

ನಾಣ್ಯದ ಸ್ಥಿತಿ ಅಳೆದು ಅಂಕ ಕೊಡುವ ಖಾಸಗಿ ಸಂಸ್ಥೆಗಳಿಂದ ಮೊಹರು ಮಾಡಿದ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ 70 ಅಂಕ ಪಡೆದ ನಾಣ್ಯಗಳ ಬಗ್ಗೆ ಎಚ್ಚರ. 70 ಎಂದರೆ ಐದು ಪಟ್ಟು ದೊಡ್ಡದಾಗಿ ನೋಡಿದರೂ ದೋಷ ಕಾಣದ್ದು. ಟಂಕಸಾಲೆಯಿಂದ ನೇರ ಕ್ಯಾಪ್ಸೂಲಿಗೆ ಬರುವ ಆಧುನಿಕ ನಾಣ್ಯಗಳಲ್ಲಿ 69 ಮತ್ತು 70 ಎರಡೂ ಧಾರಾಳ. ಬರಿಗಣ್ಣಿಗೆ ಕಾಣದ ಒಂದು ಅಂಕಕ್ಕೆ ದುಪ್ಪಟ್ಟು ಹಣ ಸುರಿಯುವುದು ಈ ಸಂಗ್ರಹಕ್ಕೆ ಬೇಕಿಲ್ಲ. ‘ಮೊದಲ ದಿನಗಳಲ್ಲಿ ಬಂದದ್ದು’ ಎಂಬ ಬಣ್ಣದ ಚೀಟಿಗೂ ಅಷ್ಟೇ: ಒಳಗಿನ ನಾಣ್ಯ ಅದೇ.

ಕ್ವಾರ್ಟರುಗಳಿಗೆ ಹೆಚ್ಚುವರಿಯೇ ಕೊಡಬೇಡಿ. ಅಮೆರಿಕದಲ್ಲಿರುವ ಕನ್ನಡಿಗರು ಬ್ಯಾಂಕಿನಲ್ಲಿ 10 ಡಾಲರ್ ಕೊಟ್ಟು 40 ನಾಣ್ಯದ ರೋಲ್ ತಂದು ಹುಡುಕಬಹುದು. ಬೇಡದ್ದನ್ನು ಮತ್ತೆ ಖರ್ಚು ಮಾಡಬಹುದು. ಬಣ್ಣ ಬಳಿದ ಕ್ವಾರ್ಟರ್‌ಗಳನ್ನು ಖಾಸಗಿಯವರು ಮಾಡುತ್ತಾರೆ. ಬಣ್ಣ ಬಿದ್ದ ಮೇಲೆ ಸಂಗ್ರಹಕಾರರ ಲೆಕ್ಕದಲ್ಲಿ ಅದು ಕೆಟ್ಟ ನಾಣ್ಯ.

ಭಾರತಕ್ಕೆ ತರಿಸುವವರು ಬೆಳ್ಳಿ ನಾಣ್ಯದ ಆಮದು ನಿಯಮ ಮತ್ತು ಸುಂಕವನ್ನು ಕಸ್ಟಮ್ಸ್‌ನಲ್ಲಿ ಮೊದಲೇ ವಿಚಾರಿಸಬೇಕು, ಈ ನಿಯಮಗಳು ಆಗಾಗ ಬದಲಾಗುತ್ತವೆ. ಸಾಮಾನ್ಯ ಲಕೋಟೆಯಲ್ಲಿ ನಾಣ್ಯ ಕಳಿಸಲು ಅನೇಕ ದೇಶಗಳ ಅಂಚೆ ಒಪ್ಪುವುದಿಲ್ಲ. ಊರಿಗೆ ಬರುವ ನೆಂಟರ ಕೈಯಲ್ಲಿ ಕಳಿಸಿದರೂ ಬಿಲ್ಲಿನ ಪ್ರತಿ ಜೊತೆಗಿರಲಿ.

ನಾಲ್ಕನೇ ಹೆಜ್ಜೆ: ಅಸಲಿಯೇ ಎಂದು ನೋಡುವುದು

ಬೇಕಾದದ್ದು 0.01 ಗ್ರಾಂವರೆಗೆ ತೋರಿಸುವ ಚಿಕ್ಕ ತಕ್ಕಡಿ, ಅಗಲ, ದಪ್ಪ ಅಳೆಯಲು ಒಂದು ಕ್ಯಾಲಿಪರ್, ಬಲವಾದ ಅಯಸ್ಕಾಂತ, ಹತ್ತು ಪಟ್ಟಿನ ಭೂತಗನ್ನಡಿ.

ಅಯಸ್ಕಾಂತಕ್ಕೆ ಅಂಟಿದರೆ ಅಲ್ಲಿಗೇ ಬಿಡಿ. ಅಂಟದ ಮಾತ್ರಕ್ಕೆ ಅಸಲಿ ಅಂತಲ್ಲ, ತಾಮ್ರವೂ ಹಿತ್ತಾಳೆಯೂ ಅಂಟುವುದಿಲ್ಲ. ತೂಕ, ಅಗಲ, ದಪ್ಪ ಮೂರನ್ನೂ ಒಟ್ಟಿಗೆ ನೋಡಬೇಕು. ತಾಮ್ರ-ನಿಕ್ಕಲ್ ಬೆಳ್ಳಿಗಿಂತ ಹಗುರ. ಅದೇ ಗಾತ್ರದಲ್ಲಿ ಮಾಡಿ ಬೆಳ್ಳಿ ಲೇಪ ಕೊಟ್ಟರೆ 26.73 ಗ್ರಾಂ ಬದಲು 23 ಗ್ರಾಂ ಆಸುಪಾಸು ತೂಗುತ್ತದೆ. ತೂಕ ಸರಿಹೊಂದಿಸಲು ಹೋದವರ ನಾಣ್ಯ ದಪ್ಪವಾಗುತ್ತದೆ. ಎರಡನ್ನೂ ಒಟ್ಟಿಗೆ ಸರಿಮಾಡುವುದು ಅಗ್ಗದ ಲೋಹದಲ್ಲಿ ಕಷ್ಟ.

ಬಿಡಿ ನಾಣ್ಯದ ಮೇಲೆ ಅನುಮಾನ ಉಳಿದರೆ ನೀರಿನ ಪರೀಕ್ಷೆ ಮಾಡಬಹುದು. ತಕ್ಕಡಿಯ ಮೇಲೆ ಡಿಸ್ಟಿಲ್ಡ್ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ತೆಳು ದಾರದಲ್ಲಿ ನಾಣ್ಯ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ತಕ್ಕಡಿ ತೋರಿಸುವ ಅಂಕಿ 90 ಭಾಗದ ಬೆಳ್ಳಿಗೆ 2.58 ಗ್ರಾಂ, 99.9 ಭಾಗದ್ದಕ್ಕೆ 2.55 ಗ್ರಾಂ ಹತ್ತಿರ ಇರಬೇಕು. 3 ಗ್ರಾಂ ಬಂದರೆ ಒಳಗೆ ತಾಮ್ರ. ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ದಾರವನ್ನು ಮೆಲ್ಲಗೆ ಅಲ್ಲಾಡಿಸಿ. ಟಂಕಸಾಲೆಯ ಕ್ಯಾಪ್ಸೂಲಿನಲ್ಲಿರುವ ಪ್ರೂಫನ್ನು ಇದಕ್ಕಾಗಿ ಬಿಚ್ಚಬೇಡಿ. ನೀರಿನ ಕಲೆಯೇ ನಷ್ಟ ತರುತ್ತದೆ.

ಮೊಹರಾದ ಚೌಕಟ್ಟಿನ ನಾಣ್ಯವಾದರೆ ಅದರ ಸಂಖ್ಯೆಯನ್ನು ಅಂಕ ಕೊಟ್ಟ ಸಂಸ್ಥೆಯ, ಅಂದರೆ ಪಿಸಿಜಿಎಸ್ ಅಥವಾ ಎನ್‌ಜಿಸಿ ಜಾಲತಾಣದಲ್ಲಿ ಹಾಕಿ ನೋಡಿ. ನಕಲಿ ಚೌಕಟ್ಟುಗಳಿಗೆ ಅಸಲಿ ಸಂಖ್ಯೆ ಕದ್ದು ಹಾಕುವುದೂ ಉಂಟು, ಆದ್ದರಿಂದ ಅಲ್ಲಿ ಚಿತ್ರವಿದ್ದರೆ ಕೈಯಲ್ಲಿರುವ ನಾಣ್ಯಕ್ಕೆ ಹೋಲಿಸಿ.

ಐದನೇ ಹೆಜ್ಜೆ: ಇಡುವುದು

ನಾಣ್ಯ ಹಾಳಾಗುವುದು ಹೆಚ್ಚಾಗಿ ಮನೆಯಲ್ಲೇ. ದೇವರ ಮನೆಯ ಬೆಳ್ಳಿ ಸಾಮಾನು ತೊಳೆಯುವ ಅಭ್ಯಾಸದಿಂದ ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ ಹಚ್ಚಿ ಉಜ್ಜಿದರೆ ಮುಗಿಯಿತು: ಹೊಳಪು ಬರುತ್ತದೆ, ಮೂಲ ಮೇಲ್ಮೈ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಅಂಗಡಿಯ ಬೆಳ್ಳಿ ತೊಳೆಯುವ ದ್ರಾವಣವೂ ಮೇಲಿನ ಪದರವನ್ನು ತಿಂದೇ ಬಿಳುಪು ತರುತ್ತದೆ. ಕಪ್ಪಾದ ಬೆಳ್ಳಿ ಕೆಟ್ಟ ಬೆಳ್ಳಿಯಲ್ಲ, ಹಾಗೇ ಬಿಡಿ.

ಬೆಳ್ಳಿಯನ್ನು ಕಪ್ಪಾಗಿಸುವುದು ಗಾಳಿಯಲ್ಲಿನ ಗಂಧಕದ ಅನಿಲ. ಅದು ಬರುವುದು ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಅಗ್ಗದ ಕಾಗದ, ಪ್ಲೈವುಡ್ ಬೀರುವಿನ ಅಂಟಿನಂಥವುಗಳಿಂದ. ನಾಣ್ಯದ ಪೆಟ್ಟಿಗೆಯ ಹತ್ತಿರ ಇವು ಬೇಡ. ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಂಗಳು ಇನ್ನೂ ಅಪಾಯ: ವರ್ಷಗಳು ಕಳೆದಂತೆ ಹಸಿರು ಜಿಗುಟು ಬಿಟ್ಟು ಲೋಹವನ್ನು ತಿನ್ನುತ್ತವೆ. ಹೊಸ ಹಾಳೆಯ ವಾಸನೆ ಮಳೆಗಾಲದ ರೇನ್‌ಕೋಟಿನಂತಿದ್ದರೆ ಕೊಳ್ಳಬೇಡಿ. ಪಾಲಿಯೆಸ್ಟರ್ ಲಕೋಟೆ ಅಥವಾ 38 ಮಿ.ಮೀ. ಗಟ್ಟಿ ಕ್ಯಾಪ್ಸೂಲ್ ಸರಿ. ಹಸಿರು ಜಿಗುಟು ಆಗಲೇ ಅಂಟಿದ್ದರೆ ಶುದ್ಧ ಅಸಿಟೋನ್‌ನಲ್ಲಿ (ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಇರುತ್ತವೆ) ಗಾಜಿನ ಬಟ್ಟಲಲ್ಲಿ ಕೆಲವು ನಿಮಿಷ ಮುಳುಗಿಸಿ, ಉಜ್ಜದೆ ಎತ್ತಿ, ಹೊಸ ಅಸಿಟೋನ್‌ನಲ್ಲಿ ಮತ್ತೊಮ್ಮೆ ಅದ್ದಿ ಒಣಗಲು ಬಿಡಿ. ಕಿಟಕಿ ತೆರೆದಿರಲಿ, ಒಲೆ ಆರಿರಲಿ.

99.9 ಭಾಗದ ಹೊಸ ನಾಣ್ಯಗಳಲ್ಲಿ ಕೆಲವೊಮ್ಮೆ ಹಾಲಿನ ಹನಿಯಂಥ ಬಿಳಿ ಚುಕ್ಕೆ ಮೂಡುತ್ತದೆ. ಅದು ತಯಾರಿಕೆಯಲ್ಲೇ ಬಂದ ದೋಷ, ಅಸಿಟೋನ್‌ಗೂ ಹೋಗುವುದಿಲ್ಲ. ಕೊಳ್ಳುವಾಗಲೇ ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ಕರಾವಳಿ ಮತ್ತು ಮಲೆನಾಡಿನವರಿಗೆ ಜೂನ್‌ನಿಂದ ಸೆಪ್ಟೆಂಬರ್ ಕಷ್ಟಕಾಲ. ಗಾಳಿಯಾಡದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾದಾಗ 110–120 ಡಿಗ್ರಿಯ ಓವನ್‌ನಲ್ಲಿ ಒಣಗಿಸಿ ಮತ್ತೆ ಹಾಕಿ. 2024ರ ಹಳದಿ ಬಣ್ಣದ ನೇಟಿವ್ ಅಮೆರಿಕನ್ ಡಾಲರಿಗೆ ಇದು ಇನ್ನೂ ಮುಖ್ಯ. ಅದರ ಮ್ಯಾಂಗನೀಸ್ ಹಿತ್ತಾಳೆ ತೇವಕ್ಕೂ ಬೆರಳಚ್ಚಿಗೂ ಬೇಗ ಕಂದು ಕಲೆ ಹಿಡಿಯುತ್ತದೆ. ಯಾವ ನಾಣ್ಯವನ್ನಾದರೂ ಅಂಚಿನಲ್ಲೇ ಹಿಡಿಯಿರಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಲಿ.

ಚೀಟಿ ಬರೆಯುವುದು

ಪ್ರತಿ ನಾಣ್ಯದ ಹಿಂದೆ ಆಮ್ಲರಹಿತ ಕಾಗದದ ಚೀಟಿ ಇರಲಿ. ಪೆನ್ಸಿಲ್ಲಿನಲ್ಲಿ ಬರೆದರೆ ಶಾಯಿಯ ತೊಂದರೆಯಿಲ್ಲ. ತಿದ್ದುಪಡಿಯ ಸಂಖ್ಯೆ ಮತ್ತು ಇಸವಿ, ನಾಣ್ಯದ ಇಸವಿ, ಟಂಕಸಾಲೆಯ ಗುರುತು, ಲೋಹ, ನೀವು ಅಳೆದ ತೂಕ, ಕೊಂಡ ದಿನ, ಕೊಟ್ಟ ಹಣ ಇಷ್ಟನ್ನು ಬರೆಯಿರಿ. ಕೆಳಗೆ ಒಂದು ಸಾಲು, ಆ ನಾಣ್ಯ ಅಲ್ಲೇಕೆ ಇದೆ ಎಂದು. ಮಕ್ಕಳಿಗೆ ತೋರಿಸುವಾಗ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಆ ಸಾಲು. ಟಂಕಸಾಲೆಯ ಮೂಲ ಡಬ್ಬಿ ಮತ್ತು ಪ್ರಮಾಣಪತ್ರವನ್ನು ಎಸೆಯಬೇಡಿ, ಮುಂದೆ ಮಾರುವಾಗ ಅವಿಲ್ಲದಿದ್ದರೆ ಬೆಲೆ ಕಡಿತವಾಗುತ್ತದೆ. ಆದರೆ 80–90ರ ದಶಕದ ಹಳೆಯ ಡಬ್ಬಿಯೊಳಗೆ ನಾಣ್ಯವನ್ನೇ ಇಡುವುದು ಬೇಡ. ಆ ಕ್ಯಾಪ್ಸೂಲುಗಳಲ್ಲಿ ಪ್ರೂಫ್‌ನ ಮೇಲೆ ಮಬ್ಬು ಕವಿಯುವುದು ಸಾಮಾನ್ಯ. ನಾಣ್ಯಕ್ಕೆ ಹೊಸ ಕ್ಯಾಪ್ಸೂಲ್ ಕೊಟ್ಟು, ಹಳೆಯ ಡಬ್ಬಿಯನ್ನು ಬೇರೆ ಕಪಾಟಿನಲ್ಲಿಡಿ.